ಕಣ್ಣು ಮುಚ್ಚಿಕೊಂಡು ತೆಗೆದ ಪಟ

ಆ ಭಾನುವಾರ ಬೆಳಿಗ್ಗೆ ನಮ್ಮ ಅತ್ತೆ ಎಂದಿನಂತೆ ಬುತ್ತಿ ಕಟ್ಟುತ್ತಿದ್ದರು, ಎಂದಿನಂತೆ ಬೈಯುತ್ತಲೂ ಇದ್ದರು.

“ಬಿದ್ದೋದ ಮನೆ ನೋಡಕ್ಕೆ ಎಡತೊರೆಗಂಟ ಓಯ್ತಾರಂತೆ. ನಮ್ಮ ಇತ್ಲು ಗೋಡೆ ಬಿದ್ದು ವರ್ಸಾಯ್ತು, ಅದನ್ನ ಕಣ್ಣೆತ್ತಿ ನೋಡೋರಿಲ್ಲ.”

ನಮ್ಮ ಯಜಮಾನರು ಪಟ ತೆಗೆಯುವ ಪೆಟ್ಟಿಗೆಯ ಗಾಜಿನ ಕಣ್ಣನ್ನು ಹಳೆಯ ರೇಷ್ಮೆ ಚೂರಿನಿಂದ ಒರೆಸುತ್ತಿದ್ದವರು ತಲೆ ಎತ್ತದೆ ಹೇಳಿದರು. “ಅದಿನ್ನೂ ಅರ್ಧ ಬಿದ್ದಿದೆ ಕಣವ್ವ. ಪೂರ್ತಿ ಬೀಳ್ಲಿ, ಅದರದ್ದೂ ತೆಗೀತೀನಿ.”

“ತೆಗೀತೀಯ, ತೆಗೀತೀಯ. ನಾನು ಬಿದ್ದ ಮ್ಯಾಲೆ ನಂದೂ ತೆಗಿ.”

“ನೀನು ಬೀಳೋ ಪೈಕಿ ಅಲ್ಲ ಬುಡವ್ವ” ಎಂದು ಅವರು ನಕ್ಕರು. ಅತ್ತೆ ಇನ್ನೊಂದು ರಾಗಿರೊಟ್ಟಿಯನ್ನು ಬುತ್ತಿಗೆ ಸೇರಿಸಿದರು. ಅವರ ಸಿಟ್ಟು ಇಳಿದಿದೆ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು.

ಯಜಮಾನರು ಹುಣಸೂರಿನಲ್ಲಿ ಶಾಲೆಯ ಮೇಷ್ಟ್ರಾಗಿದ್ದರು. ವಾರವೆಲ್ಲ ಹುಡುಗರಿಗೆ ಲೆಕ್ಕ, ಭೂಗೋಳ ಹೇಳಿಕೊಟ್ಟು, ಭಾನುವಾರ ಬಂದರೆ ಯಾರೂ ವಾಸವಿಲ್ಲದ ಕಟ್ಟಡಗಳನ್ನು ಹುಡುಕಿಕೊಂಡು ಹೊರಡುವರು. ಪೆಟ್ಟಿಗೆ ಹೊರುವುದು ಅವರ ಪಾಲು. ಅದನ್ನು ನಿಲ್ಲಿಸುವ ಮುಕ್ಕಾಲಿ ಮತ್ತು ತಲೆಯ ಮೇಲೆ ಹೊದ್ದುಕೊಳ್ಳುವ ಕರೀ ಬಟ್ಟೆ ನನ್ನ ಪಾಲು. ಬುತ್ತಿ ಯಾರ ಕೈ ಖಾಲಿಯಿದೆಯೋ ಅವರದು. ನಮಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಅತ್ತೆ ಗಟ್ಟಿಯಾಗಿದ್ದರು. ಹಾಗಾಗಿ ನಾನೂ ಹೊರಡುತ್ತಿದ್ದೆ. ಹೆಂಡತಿಯ ಹೆಗಲಿಗೆ ಮುಕ್ಕಾಲಿ ಹೊರಿಸಿಕೊಂಡು ತಿರುಗುವ ಮೇಷ್ಟ್ರೆಂದು ಬೀದಿಯಲ್ಲಿ ಆಡಿಕೊಳ್ಳುವವರು ಇದ್ದರು. ಆಡಿಕೊಂಡವರೇ ಮಗನ ಮದುವೆಗೆ ಪಟ ತೆಗೆದುಕೊಡಿ ಎಂದು ಬಂದು ಕೂರುತ್ತಿದ್ದರು. ಇವರು ಮದುವೆಯ ಪಟ ತೆಗೆಯುತ್ತಿರಲಿಲ್ಲ. “ಮದುವೆ ಮನೇಲಿ ಯಾರೂ ಒಂದು ಕಡೆ ನಿಲ್ಲಲ್ಲ. ಗೋಡೆಯಾದರೆ ಹೇಳಿದ ಮಾತು ಕೇಳುತ್ತೆ” ಎನ್ನುವರು.

ಯುದ್ಧ ಶುರುವಾಗಿ ಮೋಟಾರಿಗೆ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡಿಸುತ್ತಿದ್ದ ಕಾಲ. ಮೋಟಾರಿನ ಬೆನ್ನಿಗೆ ಒಂದು ಒಲೆ ಕಟ್ಟಿರುವರು. ಏರು ಬಂದರೆ ಅದು ಕೆಮ್ಮಿ ನಿಲ್ಲುವುದು, ಗಂಡಸರೆಲ್ಲ ಇಳಿದು ತಳ್ಳಬೇಕು. ಆ ದಿನವೂ ಇವರು ಪೆಟ್ಟಿಗೆಯನ್ನು ನನ್ನ ಮಡಿಲಲ್ಲಿಟ್ಟು ತಳ್ಳಲು ಇಳಿದರು. ಮತ್ತೆ ಹತ್ತಿದಾಗ ಮೂಗಿನ ತುದಿಯಲ್ಲಿ ಮಸಿ. ನಾನು ಹೇಳಲಿಲ್ಲ. ಹಳಬರು ಎಡತೊರೆ ಎನ್ನುವ ಕೃಷ್ಣರಾಜನಗರದವರೆಗೂ ಆ ಮಸಿಯ ಮೂಗನ್ನೇ ನೋಡುತ್ತ ಹೋದೆ.

ಅಲ್ಲಿಂದ ಒಂದು ಎತ್ತಿನ ಗಾಡಿ ಸಿಕ್ಕಿತು, ಗಾಡಿ ಇಳಿದು ಹೊಲದ ಬದುಗಳ ಮೇಲೆ ನಡೆದೆವು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿದ ಮೇಲೆ ಕಾವೇರಿಯ ನೀರು ಹಿಂದಕ್ಕೆ ಬಂದು ನಿಂತ ಜಾಗ ಅದು. ಕೆಳಗಿದ್ದ ಊರನ್ನು ಎತ್ತರಕ್ಕೆ ಸಾಗಿಸಿ ವರ್ಷಗಳಾಗಿದ್ದವು. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ಹಳೆಯ ಊರು ಕೆಲವು ವಾರ ಮೇಲೆ ಬರುತ್ತಿತ್ತು. ಮಣ್ಣಿನ ಗೋಡೆಗಳು ಕರಗಿಹೋಗಿ ಕಲ್ಲಿನದು ಮಾತ್ರ ಉಳಿದಿತ್ತು. ಬಾವಿಯ ಕಟ್ಟೆ, ಗುಡಿಯ ಮುಂದಿನ ಕಂಬ, ಒಂದೆರಡು ಬಾಗಿಲಿನ ಚೌಕಟ್ಟು.

ಆ ಚೌಕಟ್ಟುಗಳಲ್ಲಿ ಒಂದರ ಪಕ್ಕ ಒಬ್ಬ ಅಜ್ಜಿ ನಮಗಾಗಿ ಕಾಯುತ್ತಿದ್ದರು. ಅದು ಅವರ ಮನೆಯಾಗಿತ್ತು. ಅದರ ಪಟ ತೆಗೆಯಬೇಕೆಂದು ಹಿಂದಿನ ವರ್ಷವೇ ಇವರಿಂದ ಮಾತು ತೆಗೆದುಕೊಂಡಿದ್ದರು.

“ಬಂದ್ರಾ ಮೇಷ್ಟ್ರೇ! ಮಳೆ ಬತ್ತದೆ, ಇನ್ನು ನೀವು ಬರಾಕಿಲ್ಲ ಅಂದ್ಕಂಡಿದ್ದೆ. ಬನ್ನಿ, ಒಳೀಕೆ ಬನ್ನಿ. ತಲೆ ಬಗ್ಸಿ, ತಗಲ್ತದೆ.”

ಒಳಗೆ ಎನ್ನುವುದು ಇರಲೇ ಇಲ್ಲ. ಚೌಕಟ್ಟಿನ ಹಿಂದೆ ಒಣಗಿ ಬಿರಿದ ಕೆಸರು, ಅದರಾಚೆಗೆ ನೀರು. ಆದರೂ ನಾವಿಬ್ಬರೂ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಹೊಸಿಲು ತುಳಿಯದೆ ದಾಟಿ ಒಳಗೆ ಹೋದೆವು. ಅಜ್ಜಿ ಮನೆ ತೋರಿಸಿದರು. ಇಲ್ಲಿ ಒಲೆ, ಇಲ್ಲಿ ರಾಗಿಕಲ್ಲು, ಇಲ್ಲಿ ಹಸು ಕಟ್ಟುತ್ತಿದ್ದುದು. ಹೊಸಿಲನ್ನು ಆಗಲೇ ತೊಳೆದಿದ್ದರು. ಸೆರಗಿನ ಗಂಟು ಬಿಚ್ಚಿ ಅರಿಶಿನ ಕುಂಕುಮದ ಪೊಟ್ಟಣವನ್ನು ನನ್ನ ಕೈಗಿಟ್ಟರು. “ನನ್ ಕೈಲಿ ಆಗಾಕಿಲ್ಲ, ನೀನು ಮುತ್ತೈದೆ. ನೀನೇ ಇಡವ್ವ.” ನಾನು ಕಲ್ಲಿಗೆ ಅರಿಶಿನ ಬಳಿದು ಕುಂಕುಮದ ಬೊಟ್ಟುಗಳನ್ನಿಟ್ಟೆ.

ಇವರು ಮುಕ್ಕಾಲಿ ಹೂಡಿ, “ಹೊಸಿಲ ಮೇಲೆ ಕೂತ್ಕೊಳಿ ಅಜ್ಜಿ” ಎಂದರು.

“ಅಯ್ಯ, ಒಸ್ಲು ಮ್ಯಾಲೆ ಕೂರ್ತಾರ? ಮನೆಗೆ ಒಳ್ಳೇದಲ್ಲ ಕಣ್ರೀ.”

ಅಜ್ಜಿ ಹೊಸಿಲ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತರು, ಕೂತ ಮೇಲೆ ಕಲ್ಲಿಗಿಂತ ಗಟ್ಟಿಯಾಗಿ ಕೂತರು. ಪಟ ತೆಗೆದಾಯಿತು.

ಪಟ ಮೂಡುವ ಗಾಜಿನ ಪ್ಲೇಟು ಇನ್ನೊಂದು ಉಳಿದಿತ್ತು. ಮೈಸೂರಿಗೆ ಪ್ಲೇಟು ಬರುವುದು ನಿಂತುಹೋಗಿತ್ತು. ನಮ್ಮ ಡಬ್ಬಿಯಲ್ಲಿ ಅದೇ ಕಡೆಯದು. ಗುಡಿಯ ಮುಂದಿನ ಕಂಬಕ್ಕೆಂದು ಇವರು ಅದನ್ನು ಇಟ್ಟುಕೊಂಡಿದ್ದರು.

“ಕಂಬ ಎಲ್ಲಿಗೋದದು? ಮುಂದಿನ್ ವರ್ಸಾನೂ ಇರ್ತದೆ” ಎಂದರು ಅಜ್ಜಿ. “ನೀವು ನಿಂತ್ಕಳಿ ಮೇಷ್ಟ್ರೇ. ನಿಮ್ಮ ಪಟ ಯಾರು ತೆಗೀತಾರೆ? ಈವಮ್ಮ ತೆಗೀಲಿ.”

ನಾನೂ ಹಟ ಹಿಡಿದೆ. ಅಷ್ಟು ವರ್ಷದಲ್ಲಿ ಅವರದೊಂದು ಪಟವೂ ಇರಲಿಲ್ಲ. ಯಾವಾಗ ಕೇಳಿದರೂ ಪ್ಲೇಟು ದಂಡ ಎನ್ನುತ್ತಿದ್ದರು. ಆ ದಿನ ಇಬ್ಬರ ಮಾತಿಗೆ ಸೋತರು. ಪೆಟ್ಟಿಗೆಯ ನೋಟ ಸರಿಮಾಡಿ ಕೊಟ್ಟು, ಚೌಕಟ್ಟಿನೊಳಗೆ ಹೋಗಿ ಕೊಡೆ ಊರಿಕೊಂಡು ನಿಂತರು. ನಾನು ಮೂಗಿನ ಮಸಿ ಒರೆಸಿಕೊಳ್ಳಲು ಆಗ ಹೇಳಿದೆ. “ಬೆಳಿಗ್ಗೆಯಿಂದ ಹೀಗೇ ಇದೀನಾ?” ಎಂದು ಅವರು ಕೇಳಿದರು. ಅಜ್ಜಿ, “ನಾನು ಮಚ್ಚೆ ಅಂದ್ಕಂಡಿದ್ದೆ” ಎಂದರು.

ನಮ್ಮ ಪೆಟ್ಟಿಗೆ ಹಳೆಯ ಕಾಲದ್ದು, ಗುಂಡಿ ಒತ್ತಿದರೆ ತಾನೇ ಮುಚ್ಚಿಕೊಳ್ಳುವಂಥದಲ್ಲ. ಕಣ್ಣಿನ ಮೇಲಿನ ಮುಚ್ಚಳ ತೆಗೆದು, ಬೇಕಾದಷ್ಟು ಹೊತ್ತು ಕಾದು, ಮತ್ತೆ ಮುಚ್ಚಬೇಕು. ಆ ಹೊತ್ತನ್ನು ಇವರು ಗಡಿಯಾರದಲ್ಲಿ ಅಳೆಯುತ್ತಿರಲಿಲ್ಲ, ‘ನಮಃ ಶಿವಾಯ’ದಲ್ಲಿ ಅಳೆಯುತ್ತಿದ್ದರು. ಬಿಸಿಲಿದ್ದರೆ ಒಂದು ಸಲ, ನೆರಳಿದ್ದರೆ ಎರಡು, ಮೋಡವಿದ್ದರೆ ಮೂರು. ಆ ಹೊತ್ತಿಗೆ ಮೋಡ ಕವಿದಿತ್ತು. ನಾನು ಮುಚ್ಚಳ ತೆಗೆದು ಶಿವನ ಹೆಸರು ಮೂರು ಸಲ ನಿಧಾನವಾಗಿ ಹೇಳಿ ಮುಚ್ಚಿದೆ. ಮುಚ್ಚಿದ ಮೇಲೆ ಗೊತ್ತಾಯಿತು, ಹೇಳುವಾಗ ನನ್ನ ಕಣ್ಣು ಮುಚ್ಚಿಕೊಂಡಿತ್ತು. ಹುಟ್ಟಿದಂದಿನಿಂದ ಆ ಐದಕ್ಷರವನ್ನು ನಾನು ಕಣ್ಣು ಬಿಟ್ಟುಕೊಂಡು ಹೇಳಿದ್ದೇ ಇಲ್ಲ.

ಕಣ್ಣು ಬಿಟ್ಟಾಗ ಅವರು ಗುಡಿಯ ಕಂಬದ ಹಾಗೆ ನೆಟ್ಟಗೆ ನಿಂತಿದ್ದರು. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೀರಿನ ಕಡೆ ನೋಡುತ್ತಿದ್ದರು.

“ಕಣ್ಣು ಮುಚ್ಚಿಕೊಂಡು ಪಟ ತೆಗೆದವಳು ಮೈಸೂರು ಸೀಮೆಯಲ್ಲೇ ನೀನೊಬ್ಬಳು ಕಣೇ” ಎಂದರು ಯಜಮಾನರು.

ಹಿಂದಿರುಗುವಾಗ ಮೋಟಾರಿನಲ್ಲಿ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಏನು ಎಂದು ಕೇಳಿದೆ. “ಪಟ ತೊಳೆದ ಮೇಲೆ ಹೇಳ್ತೀನಿ” ಎಂದರು.

ಬುಧವಾರ ಶಾಲೆಯಿಂದ ಬರುವಾಗಲೇ ಚಳಿ ಹಿಡಿದಿತ್ತು. ಜ್ವರ ಏರಿತು, ಇಳಿಯಲಿಲ್ಲ. ಮುಂದಿನ ಭಾನುವಾರ ಅವರು ಇರಲಿಲ್ಲ.

ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಆದರೆ ಆ ದಿನದ ಒಂದು ಮಾತನ್ನು ಹೇಳಬೇಕು. ನಮ್ಮಲ್ಲಿ ಹೋದವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕುತ್ತಾರೆ. ಆಗ ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿ ಒಂದು ಪಟ ತೆಗೆಸುವುದು ಅನುಕೂಲವಿದ್ದವರ ಮನೆಗಳಲ್ಲಿ ರೂಢಿಯಾಗಿತ್ತು. ಇವರ ಸೋದರಮಾವ, “ಮೈಸೂರಿಂದ ಪಟ ತೆಗೆಯೋನ್ನ ಕರೆಸ್ತೀನಿ, ಇಲ್ದಿದ್ರೆ ಇವನ ಮುಖ ಅಂತ ಏನೂ ಉಳಿಯಾಕಿಲ್ಲ” ಎಂದರು. ನಾನು ಬೇಡವೆಂದೆ. ಅಷ್ಟು ಜನರ ಮುಂದೆ ನಾನು ಬಾಯಿ ಬಿಟ್ಟದ್ದು ಅದೊಂದೇ ಸಲ. “ಪೆಟ್ಟಿಗೆಯೊಳಗೆ ಅವರ ಪಟ ಇದೆ. ನಿಂತಿರೋ ಪಟ ಇದೆ. ಕೂರಿಸಿದ್ದು ಬೇಡ.”

ಅತ್ತೆ ನನ್ನ ಮುಖ ನೋಡಿದರು. “ಅವಳು ಏಳ್ದಂಗೆ ಆಗ್ಲಿ” ಎಂದರು.

ಹೀಗೆ ಎಲ್ಲವೂ ಆ ಒಂದು ಗಾಜಿನ ತುಂಡಿನ ಮೇಲೆ ನಿಂತಿತು. ಅದನ್ನು ಆಗಲೇ ಮದ್ದಿನಲ್ಲಿ ತೊಳೆದು ಪಟ ಮೂಡಿಸುವ ಹಾಗಿರಲಿಲ್ಲ. ಪ್ಲೇಟಿನ ಮೇಲೆ ಒಂದು ಅಂಟಿನ ಪೊರೆ ಇರುತ್ತದೆ, ನೀರು ಬೆಚ್ಚಗಿದ್ದರೆ ಅದು ಕರಗಿ ಜಾರಿಹೋಗುತ್ತದೆ. ಮಳೆ ಹಿಡಿದು ಬಾವಿಯ ನೀರು ತಣ್ಣಗಾಗುವ ತನಕ ಕಾಯಬೇಕಾಗಿತ್ತು. ಕಾಯುತ್ತ ಕೂತಾಗ ನೆನಪಿಗೆ ಬಂದದ್ದೆಲ್ಲ ನಗು ಬರಿಸುವಂಥದೇ. ಅದಕ್ಕೆ ನಾನು ಏನು ಮಾಡಲಿ?

ಆ ಪೆಟ್ಟಿಗೆ ಕೊಡಗಿನ ಕಡೆಯ ಒಬ್ಬ ತೋಟದ ದೊರೆಯದು. ಆತನಿಗೆ ಇವರು ಕನ್ನಡ ಹೇಳಿಕೊಟ್ಟಿದ್ದರು. ತೋಟ ಬಿಟ್ಟು ತನ್ನ ದೇಶಕ್ಕೆ ಹೊರಟಾಗ ಆತ ಇದನ್ನು ಗುರುಕಾಣಿಕೆಯೆಂದು ಕೊಟ್ಟುಹೋದ. ತೊಳೆಯುವ ವಿದ್ಯೆಯನ್ನೂ ಆತನಿಂದಲೇ ಕಲಿತರು. ತೊಳೆಯಲು ಪೂರ್ತಿ ಕತ್ತಲೆ ಬೇಕು, ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ದೇವರದು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಆ ನಾರೋ ಮದ್ದನ್ನ ಶಿವನ ಮುಂದೆ ಇಡ್ತೀಯೇನ್ಲಾ?”

“ಹಾಲಾಹಲ ಕುಡಿದವನು ಈ ಹೈಪೋ ಮದ್ದಿಗೆ ಹೆದರ್ತಾನೇನವ್ವ?”

ಅತ್ತೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಇವರು ಒಳಗೆ ಹೋಗಿ ಅಗುಳಿ ಹಾಕಿಕೊಂಡಿದ್ದರು. ಆಮೇಲೆ ರಾಜಿಯಾಯಿತು. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡೇ ಪಟ ತೊಳೆಯಬೇಕು, ಮದ್ದಿನ ತಟ್ಟೆಗಳು ದೇವರಿಗಿಂತ ಕೆಳಗಿರಬೇಕು. ಹೊತ್ತು ಅಳೆಯಲು ಶಿವನಾಮ ಹೇಳುತ್ತಾರೆಂದು ತಿಳಿದ ಮೇಲೆ ಅತ್ತೆ ಮೆತ್ತಗಾದರು. “ಓಗ್ಲಿ, ಆ ಪೆಟ್ಟಿಗೆ ನೆಪದಾಗಾದ್ರೂ ದೇವ್ರ ಎಸ್ರು ಏಳ್ತನೆ” ಎಂದು ಪಕ್ಕದ ಮನೆಯವರಿಗೆ ಹೇಳಿದರು. ರೈಲಿನವರು ಬಿಸಾಕಿದ್ದ ಕೆಂಪು ಗಾಜಿನ ಲಾಟೀನೊಂದು ಎಡತೊರೆಯಿಂದ ಬಂತು. ಆ ಬೆಳಕಿನಲ್ಲಿ ನಮ್ಮ ಶಿವಲಿಂಗ ಸ್ಟೇಷನ್ ಮಾಸ್ಟರ ಹಾಗೆ ಕಾಣುತ್ತಿತ್ತು. ಹಾಗಂತ ಇವರೇ ಹೇಳಿದ್ದು. ನಾನು ಗಲ್ಲ ಗಲ್ಲ ಬಡಿದುಕೊಂಡೆ, ನಕ್ಕೆ ಕೂಡ.

ಕೆಟ್ಟ ಪ್ಲೇಟುಗಳು ಅತ್ತೆಯ ಪಾಲು. ಬಿಸಿನೀರಿನಲ್ಲಿ ಉಜ್ಜಿ, ಹೆಂಚು ಸರಿಸಿ ಅಡುಗೆಮನೆಯ ಮಾಡಿಗೆ ಕೂರಿಸುವರು. ಇವರ ತಪ್ಪುಗಳು ಹೆಚ್ಚಿದಷ್ಟೂ ನಮ್ಮ ಅಡುಗೆಮನೆ ಬೆಳಕಾಯಿತು.

ಮೊದಮೊದಲು ಹುಣಸೂರಿನಲ್ಲೇ ಹೊಳೆಯ ಕಡೆ ಪಾಳುಬಿದ್ದಿದ್ದ ಹಳೆಯ ತೊಗಲಿನ ಕಾರ್ಖಾನೆಗೆ ಹೋಗುತ್ತಿದ್ದೆವು. ತೊಗಲು ನೆನೆಹಾಕುತ್ತಿದ್ದ ತೊಟ್ಟಿಗಳಲ್ಲಿ ಎಕ್ಕದ ಗಿಡ ಬೆಳೆದಿತ್ತು. ಆಮೇಲೆ ಪಿರಿಯಾಪಟ್ಟಣದ ಕೋಟೆ. ಅಲ್ಲಿ ಒಂದು ಮೇಕೆ ಕರೀ ಬಟ್ಟೆಯನ್ನು ತಿನ್ನತೊಡಗಿತು. ಬಟ್ಟೆಯೊಳಗೆ ತಲೆಯಿಟ್ಟಿದ್ದ ಇವರು ಎಳೆಯುತ್ತಿರುವವಳು ನಾನೇ ಎಂದುಕೊಂಡು, “ಇರೇ, ಬಂದೆ, ಊಟಕ್ಕೆ ಏನವಸರ?” ಎಂದು ಮೇಕೆಯನ್ನು ಗದರಿದರು. ನಾನು ಮಾತಾಡದೆ ದೂರದಲ್ಲಿ ನಿಂತು ನೋಡಿದೆ. ಮೇಕೆ ಬಿಡಲಿಲ್ಲ. ಆ ಮೂಲೆಗೆ ನಾನು ಹಾಕಿದ ತೇಪೆ ಈಗಲೂ ಇದೆ.

ಹೆಗ್ಗಡದೇವನಕೋಟೆಯ ಕಡೆ ಕಾಡಿನ ಅಂಚಿನಲ್ಲಿ ಒಂದು ಬಂಗಲೆ ಇತ್ತು. ಮಾಡು ಹೋಗಿ, ಒಂದು ಕಡೆಯ ಗೋಡೆ ಪೂರ್ತಿ ಕುಸಿದಿತ್ತು. ಆದರೆ ಬಾಗಿಲು ಗಟ್ಟಿಯಾಗಿತ್ತು, ಅದಕ್ಕೆ ಬೀಗವಿತ್ತು, ಬೀಗಕ್ಕೊಬ್ಬ ಕಾವಲುಗಾರನಿದ್ದ. ನಾವು ಬಿದ್ದ ಗೋಡೆಯ ಮೇಲಿಂದ ಒಳಗೆ ಕಾಲಿಡುವಷ್ಟರಲ್ಲಿ ಓಡಿಬಂದ.

“ಎಲ್ಲಿಗೆ ಸೋಮಿ? ಅಂಗೆಲ್ಲಾ ಓಗಂಗಿಲ್ಲ.”

“ಗೋಡೆನೇ ಇಲ್ಲವಲ್ಲಪ್ಪ” ಎಂದರು ಇವರು.

“ಗ್ವಾಡೆ ಇಲ್ದಿದ್ರೆ ಇಲ್ದೆ ಇರ್ಲಿ. ಬಾಗ್ಲು ಇಲ್ವಾ? ಮನುಸ್ರು ಬರದು ಬಾಗ್ಲಲ್ಲಿ.”

ನಾವು ಸುತ್ತಿ ಮುಂದಕ್ಕೆ ಬಂದೆವು. ಆತ ಸೊಂಟದಿಂದ ಕೀಲಿ ತೆಗೆದು, ಬೀಗ ಬಿಚ್ಚಿ, ಬಾಗಿಲು ಕಿರ್ರೆನ್ನಿಸಿ ತೆರೆದು, “ಬರಬೌದು” ಎಂದ. ಒಳಗೆ ಹುಲ್ಲಿನ ಮೇಲೆ ಎರಡು ಎಮ್ಮೆ ಮಲಗಿದ್ದವು.

“ಇವು ಹೇಗೆ ಬಂದವು?” ಎಂದು ಇವರು ಕೇಳಿದರು.

“ಅವು ದನ ಅಲ್ವಾ ಸೋಮಿ, ಅವಕ್ಕೇನು ಗೊತ್ತು” ಎಂದ.

ನಾವು ಹೊರಗೆ ಬಂದ ಮೇಲೆ ಮತ್ತೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿದ. ಅಂದಿನಿಂದ ನಮ್ಮ ಮನೆಯಲ್ಲಿ ಇವರು ಹಿತ್ತಿಲ ಬಿದ್ದ ಗೋಡೆಯ ಕಡೆಯಿಂದ ಬಂದಾಗಲೆಲ್ಲ ನಾನು, “ಮನುಸ್ರು ಬರದು ಬಾಗ್ಲಲ್ಲಿ” ಎನ್ನುತ್ತಿದ್ದೆ.

ಅಜ್ಜಿಯ ಪರಿಚಯವಾದದ್ದು ಇದಾದ ಮೇಲೆ. ಹೊಸ ಅಗ್ರಹಾರವೆಂಬ ಊರಿನ ಆಚೆ ಹಿನ್ನೀರಿನ ಅಂಚಿನಲ್ಲಿ ಒಂದು ಒಂಟಿ ಮಂಟಪವಿದೆಯೆಂದು ಯಾರೋ ಹೇಳಿ, ನಾವು ಹೋಗಿ ಮುಕ್ಕಾಲಿ ಹೂಡಿದೆವು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಊರಿನಿಂದ ಜನ ಇಳಿದು ಬರತೊಡಗಿದರು. ಬಂದವರು ನಮ್ಮ ಸುತ್ತ ನಿಂತರು. ಹೆಂಗಸರ ಮುಖ ಬಿಳುಪೇರಿತ್ತು. ಒಬ್ಬ ಅಜ್ಜಿ ಮಾತ್ರ ಕೋಲು ಊರಿಕೊಂಡು ನೇರ ಇವರ ಮುಂದೆ ಬಂದರು.

“ಇನ್ನೆಲ್ಲಿಗ್ ಓಡುಸ್ತೀರಿ ನಮ್ನ?”

ಇವರಿಗೆ ಅರ್ಥವಾಗಲಿಲ್ಲ. ಅಜ್ಜಿ ಕೋಲಿನಿಂದ ಮುಕ್ಕಾಲಿಯನ್ನು ತಟ್ಟಿದರು. “ಇಂತದೇ ಮೂರು ಕಾಲಿಂದು ತಂದಿದ್ರು ಆವತ್ತು. ಇಂಗೇ ಒಂದ್ ಕಣ್ಣಾಗ್ ನೋಡುದ್ರು. ಏನಿಲ್ಲ ಕಣವ್ವ, ಸುಮ್ನೆ ಅಳತೆ ಅಂದ್ರು. ಆಮ್ಯಾಕೆ ಊರೇ ಮುಳುಗ್ತು. ಈಗ ಇದನ್ನೂ ಮುಳುಗುಸ್ತೀರಾ? ಯಾವಾಗ? ರಾಗಿ ಕುಯ್ಕಳಕ್ಕಾದ್ರೂ ಬುಡ್ತೀರಾ?”

ಆಗ ತಿಳಿಯಿತು. ಆ ಊರಿನವರು ಮೂರು ಕಾಲಿನ ಮೇಲೆ ಪೆಟ್ಟಿಗೆಯಿಟ್ಟು ನೋಡುವವರನ್ನು ಕಂಡದ್ದು ಅದಕ್ಕೆ ಮೊದಲು ಒಂದೇ ಸಲ, ಕಟ್ಟೆಗಾಗಿ ಅಳೆಯಲು ಬಂದವರನ್ನು. ಇವರು ತಾವು ಬರೀ ಮೇಷ್ಟ್ರು, ಇದು ಬರೀ ಪಟದ ಪೆಟ್ಟಿಗೆ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕಡೆಗೆ, “ನೀವೇ ನೋಡಿ ಅಜ್ಜಿ” ಎಂದು ಕರೀ ಬಟ್ಟೆ ಎತ್ತಿ ಹಿಡಿದರು. ಅಜ್ಜಿ ತಲೆ ತೂರಿಸಿದರು. ಪೆಟ್ಟಿಗೆಯ ಹಿಂಬದಿಯ ಗಾಜಿನಲ್ಲಿ ಎಲ್ಲವೂ ಮೇಲುಕೆಳಗಾಗಿ ಕಾಣುತ್ತದೆ. ಒಳಗಿನಿಂದ ಚೀರಿದರು.

“ಅಯ್ಯೋ, ಆಗ್ಲೇ ಬುಡಮೇಲು ಮಾಡವ್ರಲ್ರಪ್ಪೋ!”

ಗಂಡಸರು ಮುಂದೆ ನುಗ್ಗಿದರು. ನಾನು ಮುಕ್ಕಾಲಿಯನ್ನು ಅಪ್ಪಿಕೊಂಡೆ. ಇವರು ಹೆದರಿದ್ದು ಕಂಡಿತು, ಆದರೆ ಮೇಷ್ಟ್ರ ದನಿ ಬಿಡಲಿಲ್ಲ. “ಸಾಲಾಗಿ ನಿಲ್ಲಿ! ಒಬ್ಬೊಬ್ಬರಾಗಿ ನೋಡಿ!” ಎಂದು ತರಗತಿಯಲ್ಲಿ ಕೂಗುವ ಹಾಗೆ ಕೂಗಿದರು. ಎಲ್ಲರೂ ನಿಜವಾಗಿಯೂ ಸಾಲಾಗಿ ನಿಂತರು. ಒಬ್ಬೊಬ್ಬರೇ ಬಟ್ಟೆಯೊಳಗೆ ಹೋಗಿ, ತಲೆಕೆಳಗಾಗಿ ಕುಣಿಯುವ ತಮ್ಮ ಭಾವ, ಭಾವಮೈದುನರನ್ನು ನೋಡಿ, ನಗುತ್ತ ಹೊರಗೆ ಬಂದರು. ಊರೆಲ್ಲ ನೋಡಿ ಮುಗಿಯುವಷ್ಟರಲ್ಲಿ ಬಿಸಿಲು ಹೋಗಿತ್ತು, ಮಂಟಪದ ಪಟ ಆಗಲೇ ಇಲ್ಲ. ಅಜ್ಜಿ ಮಜ್ಜಿಗೆ ತಂದುಕೊಟ್ಟರು. ಕೆಳಗೆ ನೀರಿನ ಕಡೆ ಕೋಲು ತೋರಿಸಿ ಹೇಳಿದರು. “ಅಲ್ಲಿ ಅದೆ ನಮ್ಮನೆ. ಬ್ಯಾಸ್ಗೇಲಿ ಒಸ್ಲು ಮ್ಯಾಕೆ ಬತ್ತದೆ. ಬಂದು ಅದರದೊಂದು ಪಟ ತೆಕ್ಕೊಡಿ ಮೇಷ್ಟ್ರೇ. ನೆಟ್ಟಗಿರೋದು ತೆಗೀರಿ, ತಲೆಕೆಳಗಿರೋದು ಬ್ಯಾಡ.”

ಇಷ್ಟನ್ನು ನೆನೆಯುತ್ತಿರುವಷ್ಟರಲ್ಲಿ ಮಳೆ ಹಿಡಿಯಿತು. ಬಾವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಯಿತು. ಒಂದು ಮಧ್ಯಾಹ್ನ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ದೇವರ ಕೋಣೆಗೆ ಹೋದೆ. ಇವರು ತೊಳೆಯುವಾಗ ಪಕ್ಕದಲ್ಲಿ ಕೂತು ತಟ್ಟೆ ಅಲ್ಲಾಡಿಸಿ ಅಲ್ಲಾಡಿಸಿ ಕೆಲಸ ನನಗೂ ಬರುತ್ತಿತ್ತು. ಒಬ್ಬಳೇ ಮಾಡಿದ್ದು ಮಾತ್ರ ಅದೇ ಮೊದಲು. ಅತ್ತೆ ಹೊರಗೆ ಹೊಸಿಲ ಮುಂದೆ ಮಣೆ ಹಾಕಿಕೊಂಡು ಕೂತರು. ಯಾರೋ ಮಾತಾಡಿಸಲು ಬಂದರು. “ಆಮೇಲ್ ಬನ್ರವ್ವ, ನನ್ನ ಮಗ ಒಳೀಕವ್ನೆ” ಎಂದದ್ದು ನನಗೆ ಕೇಳಿಸಿತು.

ಅಜ್ಜಿಯ ಪ್ಲೇಟನ್ನು ಮೊದಲು ಮದ್ದಿಗೆ ಬಿಟ್ಟೆ. ಶಿವನಾಮ ಹೇಳುತ್ತ ಹೋದೆ, ಈ ಸಲ ಕಣ್ಣು ತೆರೆದುಕೊಂಡು. ಕೆಂಪು ಬೆಳಕಿನಲ್ಲಿ ನಿಧಾನವಾಗಿ ಚೌಕಟ್ಟು ಮೂಡಿತು, ಹೊಸಿಲು ಮೂಡಿತು, ಚಾಚಿದ ಕಾಲು ಮೂಡಿತು. ಒಂದು ಚುಕ್ಕೆಯೂ ಕೆಟ್ಟಿರಲಿಲ್ಲ. ಧೈರ್ಯ ಬಂತು. ಎರಡನೆಯದನ್ನು ಬಿಟ್ಟೆ. ಅದೇ ಚೌಕಟ್ಟು ಬಂತು, ಕೊಡೆ ಬಂತು, ಕೋಟು ಬಂತು. ಗಾಜಿನಲ್ಲಿ ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪಾಗಿರುತ್ತದೆ, ಮುಖ ಯಾರದೆಂದು ಹೇಳುವುದು ಕಷ್ಟ. ಕೋಟಿನ ಕೊರಳಪಟ್ಟಿಯಿಂದ ಮೇಲಕ್ಕೆ ಸ್ವಲ್ಪ ಹೊಗೆಯಂತೆ ಕಂಡಿತು. ಕಾಗದಕ್ಕೆ ಇಳಿಸಿದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ.

ಕಾಗದಕ್ಕೆ ಇಳಿಸಲು ಬಿಸಿಲು ಬೇಕು. ಗಾಜನ್ನೂ ಕಾಗದವನ್ನೂ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಟ್ಟರೆ ಪಟ ತಾನೇ ಏಳುತ್ತದೆ. ಆ ವರ್ಷದ ಮಳೆ ಬಿಡಲೇ ಇಲ್ಲ. ನಾನೂ ಅತ್ತೆಯೂ ದಿನವೂ ಆಕಾಶ ನೋಡಿದೆವು. ಅತ್ತೆ ಕುರ್ಚಿ ತಂದು ಜಗಲಿಗೆ ಹಾಕಿಕೊಂಡು ಮೋಡಕ್ಕೆ ಬೈಯುತ್ತಿದ್ದರು. “ಸುರಿ, ಸುರಿ. ನಿಂಗೂ ಇವತ್ತೇ ಆಗ್ಬೇಕಾಗಿತ್ತಾ?” ಕಡೆಗೆ ಒಂದು ಬೆಳಿಗ್ಗೆ, ನಾನು ಒಲೆಯ ಮುಂದಿದ್ದಾಗ ಕೂಗಿದರು. “ಬಂತು ಕಣೇ ಬಿಸ್ಲು, ಬಾರೇ! ಒಲೆ ಸುಟ್ಟೋಗ್ಲಿ, ಬಾ!”

ಇಬ್ಬರೂ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾದೆವು. ತೆಗೆದು ನೋಡಿದೆವು. ಕಲ್ಲಿನ ಗೆರೆಗೆರೆಯೂ ಇತ್ತು. ಹೊಸಿಲ ಈಚೆ ಬಿಟ್ಟಿದ್ದ ಚಪ್ಪಲಿಗಳ ಉಂಗುಷ್ಠವೂ ಕಾಣುತ್ತಿತ್ತು. ಕತ್ತಿನಿಂದ ಮೇಲಕ್ಕೆ ಮಾತ್ರ, ಯಾರೋ ಒದ್ದೆ ಬೆರಳಿನಿಂದ ಒರೆಸಿದ ಹಾಗೆ ಮಸುಕು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ನಾನು ಬಿಸಿಲಿರುವಷ್ಟು ಹೊತ್ತು ಇನ್ನೆರಡು ಕಾಗದಕ್ಕೆ ಇಳಿಸಿದೆ. ಮೂರರಲ್ಲೂ ಹಾಗೇ ಇತ್ತು.

“ಅಲ್ಲಾಡವ್ನೆ” ಎಂದರು ಅತ್ತೆ. “ಊರ್ನೋರ್ಗೆಲ್ಲ ಅಲ್ಲಾಡ್ಬೇಡಿ ಅನ್ನೋನು, ತಾನೇ ಅಲ್ಲಾಡವ್ನೆ ನೋಡು.” ಅದನ್ನು ಬೈಗಳದ ದನಿಯಲ್ಲೇ ಹೇಳಿದರು. ಆ ಗಾಜನ್ನು ಅಡುಗೆಮನೆಯ ಮಾಡಿಗೆ ಹಾಕುವ ಮಾತನ್ನು ಅವರು ಆಡಲಿಲ್ಲ.

ಮಳೆ ಸ್ವಲ್ಪ ಹಿಂಜರಿದ ಮೇಲೆ ಅಜ್ಜಿಯ ಪಟವನ್ನು ಕೊಟ್ಟುಬರಲು ಹೊರಟೆ. ಮುಕ್ಕಾಲಿ ಇಲ್ಲದೆ ನನ್ನ ಹೆಗಲು ಏನೋ ಮರೆತ ಹಾಗಿತ್ತು. ನೀರು ಏರಿ ಹಳೆಯ ಊರು ಮತ್ತೆ ಒಳಗೆ ಹೋಗಿತ್ತು. ಅಜ್ಜಿ ಮೇಲಿನ ಊರಿನ ಹೊಸ ಮನೆಯ ಮುಂದೆ ಕೂತಿದ್ದರು, ಹೊಸಿಲ ಪಕ್ಕದಲ್ಲಿ. ನನ್ನ ಹಣೆ ನೋಡಿದರು. ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

ತಮ್ಮ ಪಟವನ್ನು ಬಹಳ ಹೊತ್ತು ನೋಡಿದರು. “ಓ, ನಮ್ಮನೇನೇ” ಎಂದರು. ಆಮೇಲೆ ಇವರ ಪಟವನ್ನು ತೋರಿಸಿದೆ. ಮುಖದ ಜಾಗದ ಮೇಲೆ ಬೆರಳಿಟ್ಟರು.

“ಇದು ನನ್ನಿಂದ ಆಗಿದ್ದು ಕಣವ್ವ.”

“ಏನಾಯ್ತಜ್ಜಿ?”

“ನೀನು ಕಣ್ಮುಚ್ಕಂಡು, ಕೈ ಎದೆಗ್ ಇಟ್ಕಂಡು, ಸಿವ ಸಿವಾ ಅಂತಿದ್ಯಲ್ಲ? ನಾನು ತಡೀನಾರ್ದೆ, ‘ಏನ್ ಮೇಷ್ಟ್ರೇ, ಪಟ ತೆಗೀತಾವ್ಳೋ, ನಿಮ್ಗೆ ಪೂಜೆ ಮಾಡ್ತಾವ್ಳೋ?’ ಅಂತ ಮೆಲ್ಲಕ್ ಅಂದ್ಬುಟ್ಟೆ, ನಿಂಗೆ ಕೇಳ್ದಂಗೆ. ಅಷ್ಟೇ ಕಣವ್ವ, ಅವರು ನಗಕ್ ಸುರು ಮಾಡುದ್ರು. ದನಿ ಬರ್ದಂಗೆ, ಮೈಯೆಲ್ಲ ಗಟ್ಟಿ ಇಟ್ಕಂಡು, ತಲೆ ಒಂದೇ ಕುಣುಸ್ಕಂಡು. ನಿನ್ನೇ ನೋಡ್ಕಂಡು ನಗ್ತಿದ್ರು.”

ನನಗೂ ನಗು ಬಂತು. ಅಜ್ಜಿಯೂ ನಕ್ಕರು. ಒಳಗಿನಿಂದ ಸೊಸೆ ಇಣುಕಿ ನೋಡಿ, ಇಬ್ಬರ ಕಣ್ಣಲ್ಲೂ ನೀರು ಕಂಡು, ಏನೆಂದು ತಿಳಿಯದೆ ಮಜ್ಜಿಗೆ ತರಲು ಹೋದಳು. ಪಟ ತೊಳೆದ ಮೇಲೆ ಹೇಳ್ತೀನಿ ಎಂದದ್ದು ಇದನ್ನೇ.

ಸೋದರಮಾವನ ಮಾತು ಕೇಳಬೇಕಿತ್ತೇ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಕೇಳಬೇಕಿರಲಿಲ್ಲ ಎಂದೇ ಪ್ರತಿಸಲವೂ ಅನ್ನಿಸುತ್ತದೆ. ಪಟಕ್ಕೆ ಚೌಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ, ಕೆಂಪು ಲಾಟೀನಿನ ಪಕ್ಕ ಇಟ್ಟಿದ್ದೇವೆ. ಅತ್ತೆ ದಿನವೂ ಹೂವು ಇಡುತ್ತಾರೆ, ದಿನವೂ ಬೈಯುತ್ತಾರೆ.

ಅದರಲ್ಲಿ ಕಲ್ಲಿನ ಬಾಗಿಲಿದೆ, ಹಿಂದೆ ನೀರಿದೆ. ನಾನು ಹೊಸಿಲಿಗಿಟ್ಟ ಕುಂಕುಮದ ಬೊಟ್ಟುಗಳು ಕಪ್ಪಾಗಿ ಬಂದಿವೆ. ಕೋಟಿನ ಗುಂಡಿಗಳಿವೆ, ಕೊಡೆಯ ಮೇಲೆ ಕೈಯಿದೆ. ಅವರ ಮುಖ ಇಲ್ಲ.